ಮಕ್ಕಳಿರುವ ಮನೆಯಲ್ಲಿ ಸ್ಮಾರ್ಟ್ ಟ್ರೈನರ್: ಒಂದಿಡೀ ರೇಸ್ ಸೀಸನ್ ತುಳಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಇದರ ನಡುವೆ ಈಜು, ಸೈಕಲ್, ಓಟ ಮೂರೂ ಸೇರಿದ ಹಾಫ್ ಡಿಸ್ಟನ್ಸ್ ಟ್ರಯಥ್ಲಾನ್‌ಗೋ ಉದ್ದದ ಸೈಕಲ್ ರೇಸ್‌ಗೋ ತಯಾರಾಗುತ್ತಿದ್ದೀರಿ ಅಂದರೆ ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೈನರ್, ಅಂದರೆ ಮನೆಯೊಳಗೆ ನಿಂತಲ್ಲೇ ನಿಮ್ಮ ಸೈಕಲ್ ತುಳಿಯಲು ಬಿಡುವ ಯಂತ್ರ, ತೆಗೆದುಕೊಳ್ಳಿ. ಹಗುರ ಚಕ್ರ, ಏರೋ ಹೆಲ್ಮೆಟ್, ಕಾರ್ಬನ್ ಪ್ಲೇಟ್ ಶೂ ಎಲ್ಲ ಆಮೇಲೆ. ದುಬಾರಿ ವಸ್ತು, ನಿಜ. ಆದರೆ ನನ್ನ ಬಳಿ ಇರುವ ರೇಸ್ ಸಾಮಾನುಗಳಲ್ಲಿ ಮನೆಯವರೆಲ್ಲರಿಗೂ ಉಪಯೋಗಕ್ಕೆ ಬಂದದ್ದು ಇದೊಂದೇ.

ಮಾರುವವರು ಇದರ ಬಗ್ಗೆ ಹೇಳುವುದೇ ಬೇರೆ. ತುಳಿತದ ಶಕ್ತಿ ಅಳೆಯುವ ವಾಟ್ ಲೆಕ್ಕ ಎಷ್ಟು ಕರಾರುವಾಕ್ಕು, ಒಳಗೆ ಸುತ್ತುವ ಭಾರದ ಚಕ್ರ ಅಂದರೆ ಫ್ಲೈವೀಲ್ ಎಷ್ಟು ಭಾರ, ಎಷ್ಟು ಕಡಿದಾದ ಏರು ತೋರಿಸುತ್ತದೆ, ಇಂಥವು. ಇವು ಯಾವುವೂ ನನ್ನ ವಾರವನ್ನು ಬದಲಾಯಿಸಲಿಲ್ಲ. ಬದಲಾಯಿಸಿದ್ದು ಒಂದೇ ವಿಷಯ. ಈ ತರಬೇತಿಯನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಬಹುದು, ವಾಪಸ್ ಬಂದು ಮುಂದುವರಿಸಬಹುದು. ರಸ್ತೆಯಲ್ಲಿ ಮನೆಯಿಂದ ನಲವತ್ತು ಕಿಲೋಮೀಟರ್ ದೂರದಲ್ಲಿರುವಾಗ ಮಗನಿಗೆ ಜ್ವರ ಅಂತ ಫೋನ್ ಬಂದರೆ ಆ ನಲವತ್ತು ಕಿಲೋಮೀಟರ್ ಏನಾಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಎಲ್ಲವನ್ನೂ ಅಳೆಯುವುದು ಆ ಒಂದೇ ಅಳತೆಯಲ್ಲಿ. ನಿಲ್ಲಿಸಬಹುದಾ, ಮತ್ತೆ ಶುರು ಮಾಡಬಹುದಾ, ಮನೆಯವರಿಗೆ ತೊಂದರೆಯಾಗದೆ ನಡೆಯುತ್ತದಾ?

ಯಂತ್ರದ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನನ್ನದು ಮಧ್ಯಮ ದರ್ಜೆಯದು. ಈ ದರ್ಜೆಯಲ್ಲಿ ಎಲ್ಲ ಕಂಪನಿಗಳ ಯಂತ್ರಗಳೂ ಕೆಲಸದಲ್ಲಿ ಹೆಚ್ಚುಕಡಿಮೆ ಒಂದೇ ಥರ ಇವೆ, ಮತ್ತು ಕೆಳಗೆ ಒಂದೆರಡು ದೂರುಗಳೂ ಇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಆ ಜಾಗಕ್ಕೆ ಈ ಯಂತ್ರ ಕೂರಿಸುತ್ತೇವೆ. ಚೈನ್ ನೇರವಾಗಿ ಯಂತ್ರದ ಮೇಲಿನ ಕ್ಯಾಸೆಟ್‌ಗೆ, ಅಂದರೆ ಹಲ್ಲುಚಕ್ರಗಳ ಗೊಂಚಲಿಗೆ, ಕೂರುತ್ತದೆ. ಒಳಗೆ ಒಂದು ಫ್ಲೈವೀಲ್, ಅದನ್ನು ಹಿಡಿದು ನಿಧಾನ ಮಾಡುವ ವಿದ್ಯುತ್ಕಾಂತದ ಬ್ರೇಕ್. ಫೋನಿನಲ್ಲೋ ಟ್ಯಾಬ್‌ನಲ್ಲೋ ಇರುವ ಆ್ಯಪ್ ಬ್ಲೂಟೂತ್ ಮೂಲಕ 'ಈಗ 140 ವಾಟ್ ಇರಲಿ' ಅಂದರೆ ಬ್ರೇಕ್ ಅಷ್ಟಕ್ಕೆ ಬಿಗಿಯಾಗುತ್ತದೆ. ಇನ್ನೊಂದು ಬಗೆ ಇದೆ, ವೀಲ್ ಆನ್ ಅಂತಾರೆ. ಅದರಲ್ಲಿ ಚಕ್ರ ಬಿಚ್ಚಬೇಕಿಲ್ಲ, ಟೈರ್ ಒಂದು ರೋಲರ್ ಮೇಲೆ ಉರುಳುತ್ತದೆ. ಅಗ್ಗವಾಗಿ ಸಿಗುತ್ತದೆ. ಆದರೆ ಟೈರ್ ಸವೆಯುತ್ತದೆ, ಜೋರಾಗಿ ತುಳಿದರೆ ಜಾರುತ್ತದೆ, ಗಾಳಿ ಸ್ವಲ್ಪ ಕಡಿಮೆಯಾದರೂ ವಾಟ್ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಸದ್ದು ಜಾಸ್ತಿ. ಮಕ್ಕಳು ಮಲಗಿರುವಾಗ ತುಳಿಯಬೇಕಾದವರಿಗೆ ಅದು ಆಗಿಬರುವುದಿಲ್ಲ.

ಸೈಕಲ್ಲಿಗೇ ಯಾಕೆ ಇಷ್ಟು ಖರ್ಚು ಅಂತ ನಮ್ಮವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಹಾಫ್ ಡಿಸ್ಟನ್ಸ್ ಅಂದರೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಕೊನೆಗೆ 21.1 ಕಿಲೋಮೀಟರ್ ಓಟ. ರೇಸಿನ ದಿನ ಸಾಮಾನ್ಯವಾಗಿ ಅರ್ಧದಷ್ಟು ಹೊತ್ತು, ಕೆಲವರಿಗೆ ಅದಕ್ಕಿಂತಲೂ ಜಾಸ್ತಿ, ಸೈಕಲ್ ಮೇಲೇ ಕಳೆಯುತ್ತದೆ. ಹಾಗಾಗಿ ತರಬೇತಿಯಲ್ಲೂ ಅತಿ ಹೆಚ್ಚು ಗಂಟೆ ತಿನ್ನುವುದು ಅದೇ. ಓಟಕ್ಕೆ ಶೂ ಕಟ್ಟಿದರೆ ಸಾಕು, ಬಾಗಿಲಿಂದಲೇ ಶುರು. ಈಜುಕೊಳಕ್ಕೆ ಅದರದ್ದೇ ಸಮಯ ಇರುತ್ತದೆ, ನಾವು ಹೊಂದಿಸಿಕೊಳ್ಳಬೇಕು, ಅಲ್ಲಿ ಮಾತುಕತೆಗೆ ಜಾಗವಿಲ್ಲ. ಸೈಕಲ್ ವಿಷಯ ಹಾಗಲ್ಲ. ಟೈರಿಗೆ ಗಾಳಿ ನೋಡಬೇಕು, ದೀಪ ಚಾರ್ಜ್ ಆಗಿದೆಯಾ ನೋಡಬೇಕು, ಬಾಟಲಿ, ಪಂಕ್ಚರ್ ಕಿಟ್, ಹೆಲ್ಮೆಟ್, ಊರು ದಾಟುವವರೆಗೆ ಟ್ರಾಫಿಕ್, ವಾಪಸ್ ಬರುವಾಗ ಮತ್ತೆ ಅದೇ ಟ್ರಾಫಿಕ್, ಬಂದ ಮೇಲೆ ಸೈಕಲ್ ಒರೆಸುವುದು. ಒಂದು ಗಂಟೆಯ ತರಬೇತಿಗೆ ಮನೆಯವರ ಪಾಲಿನ ಎರಡು ಗಂಟೆ ಹೋಗುತ್ತದೆ. ಹಾಗೆ ಹೋಗುತ್ತಿದ್ದ ಸಮಯವೇ ನಮ್ಮ ಮನೆಯಲ್ಲಿ ಮುನಿಸಿಗೆ ಕಾರಣವಾಗಿತ್ತು, ತರಬೇತಿ ಅಲ್ಲ.

ಟ್ರೈನರ್ ಮೇಲೆ ಆ ತಯಾರಿ ಎಲ್ಲ ಇಲ್ಲ. ಬಟ್ಟೆ ಬದಲಿಸಿ ಹತ್ತಿದರೆ ಆಯಿತು. ಇನ್ನೊಂದು ಅನುಕೂಲ ಅಂದರೆ ಇದರ ಮೇಲೆ ಬಿಡುವು ಅನ್ನುವುದೇ ಇಲ್ಲ. ರಸ್ತೆಯಲ್ಲಿ ಇಳಿಜಾರಿಗೆ ಕಾಲು ನಿಲ್ಲುತ್ತದೆ, ಸಿಗ್ನಲ್‌ಗೆ ನಿಲ್ಲುತ್ತದೆ, ತಿರುವಿಗೆ ನಿಲ್ಲುತ್ತದೆ. ಇಲ್ಲಿ ಶುರುವಿನಿಂದ ಕೊನೆತನಕ ತುಳಿತವೇ. ಆದ್ದರಿಂದ ಒಳಗಿನ ಒಂದು ಗಂಟೆ ಹೊರಗಿನ ಒಂದು ಗಂಟೆಗಿಂತ ಗಟ್ಟಿ. ಇದನ್ನು ಗೊತ್ತಿಟ್ಟುಕೊಂಡು ಸಮಯ ಕಡಿಮೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ವಾರದ ಮಧ್ಯದಲ್ಲೇ ಕಾಲು ಸೋಲುತ್ತದೆ.

ಈಗ ನಿಲ್ಲಿಸುವ ವಿಷಯಕ್ಕೆ ಬರೋಣ. ಅದನ್ನು ಯಾರೂ ವಿವರವಾಗಿ ಬರೆದದ್ದು ನಾನು ಓದಿಲ್ಲ.

ಈ ಯಂತ್ರಗಳಲ್ಲಿ ಎರ್ಗ್ ಮೋಡ್ ಅಂತ ಇರುತ್ತದೆ. ನೀವು ಗೇರ್ ಬದಲಿಸಬೇಕಿಲ್ಲ. ನಿಮಿಷಕ್ಕೆ 70 ಸುತ್ತು ತುಳಿದರೂ, 95 ತುಳಿದರೂ ಹೇಳಿದ ವಾಟ್ ಅಷ್ಟೇ ಇರುವಂತೆ ಯಂತ್ರ ತಾನೇ ಬಿಗಿ ಸಡಿಲ ಮಾಡಿಕೊಳ್ಳುತ್ತದೆ. ತುಳಿತ ನಿಧಾನವಾದರೆ ಬಿಗಿ ಜಾಸ್ತಿ, ಜೋರಾದರೆ ಬಿಗಿ ಕಡಿಮೆ. ಚೆನ್ನಾಗಿದೆ, ಅಲ್ವಾ? ಆದರೆ ಮಕ್ಕಳಿರುವ ಮನೆಯಲ್ಲಿ ಏನಾಗುತ್ತದೆ ನೋಡಿ. ಇಂಟರ್ವಲ್ ನಡುವೆ, ಅಂದರೆ ಜೋರು ತುಳಿತದ ತುಂಡಿನ ನಡುವೆ, 'ಅಮ್ಮಾ, ನನ್ನ ಪೆನ್ಸಿಲ್ ಬಾಕ್ಸ್ ಎಲ್ಲಿ' ಅಂತ ಬಾಗಿಲಲ್ಲಿ ಮಗಳು. ತಿರುಗಿ ಉತ್ತರ ಕೊಡುವಷ್ಟರಲ್ಲಿ ಕಾಲು ನಿಧಾನವಾಗುತ್ತದೆ. ಯಂತ್ರಕ್ಕೆ ಮಗಳು ಗೊತ್ತಿಲ್ಲ, ವಾಟ್ ಕಡಿಮೆಯಾಯಿತು ಅಂತ ಬಿಗಿ ಮಾಡುತ್ತದೆ. ಬಿಗಿಯಾದದ್ದಕ್ಕೆ ಕಾಲು ಇನ್ನೂ ನಿಧಾನ, ಅದಕ್ಕೆ ಮತ್ತೆ ಬಿಗಿ. ನಾಲ್ಕೈದು ಸುತ್ತಿನೊಳಗೆ ಪೆಡಲ್ ಗೋಡೆಗೆ ಒತ್ತಿದಂತೆ ಆಗಿ ಕಾಲು ನಿಂತೇ ಹೋಗುತ್ತದೆ. ಮಂಡಿಗೆ ಇದು ಒಳ್ಳೆಯದಲ್ಲ.

ಇದಕ್ಕೆ ಪರಿಹಾರ ಸುಲಭ. ಯಾರಾದರೂ ಬರುವ ಸದ್ದು ಕೇಳಿದ ಕೂಡಲೇ ಆ್ಯಪ್‌ನಲ್ಲಿ ಪಾಜ್ (ತಾತ್ಕಾಲಿಕ ನಿಲುಗಡೆ) ಒತ್ತಿ, ಆಮೇಲೆ ಮಾತಾಡಿ. ಬ್ಲೂಟೂತ್‌ನ ಒಂದು ಚಿಕ್ಕ ರಿಮೋಟ್ ಹ್ಯಾಂಡಲ್‌ಗೆ ಕಟ್ಟಿಕೊಂಡರೆ ಪರದೆ ಮುಟ್ಟುವ ಕೆಲಸವೂ ಇಲ್ಲ. ವಾಪಸ್ ಶುರು ಮಾಡುವಾಗ ಮೊದಲು ಹಗುರವಾಗಿ ಜೋರು ಸುತ್ತಿ, 90 ದಾಟಿದ ಮೇಲೆ ಎರ್ಗ್ ಹಿಡಿಯಲು ಬಿಡಿ. ಒಳ್ಳೆಯ ಆ್ಯಪ್‌ಗಳು ಪಾಜ್ ತೆಗೆದ ಮೇಲೆ ಕೆಲವು ಸೆಕೆಂಡ್ ಬಿಟ್ಟು ನಿಧಾನವಾಗಿ ಬಿಗಿ ಏರಿಸುತ್ತವೆ. ಕೆಲವು ಒಮ್ಮೆಲೇ ಎರಗುತ್ತವೆ. ಆ್ಯಪ್ ಆರಿಸುವಾಗ ಚಂದದ ರಸ್ತೆ, ಬೆಟ್ಟ, ಜನ ಎಲ್ಲ ನೋಡುವ ಮುಂಚೆ ಇದನ್ನೊಂದು ಪರೀಕ್ಷೆ ಮಾಡಿ. ಟ್ರಯಲ್ ಅವಧಿಯಲ್ಲಿ ಹತ್ತಿ, ಜೋರು ಇಂಟರ್ವಲ್‌ನ ನಡುವೆ ಬೇಕಂತಲೇ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಝ್ವಿಫ್ಟ್ ಥರದ ಆ್ಯಪ್‌ಗಳಲ್ಲಿ ಗುಂಪಿನ ರೇಸ್, ಗುಂಪಿನ ರೈಡ್ ಇರುತ್ತವೆ. ಖುಷಿ ಕೊಡುತ್ತವೆ, ಜೋರಾಗಿ ತುಳಿಸುತ್ತವೆ. ಆದರೆ ಗುಂಪು ನಿಮಗಾಗಿ ನಿಲ್ಲುವುದಿಲ್ಲ. ಮಕ್ಕಳು ಎಚ್ಚರವಿರುವ ಹೊತ್ತಿಗೆ ಗುಂಪಿನ ರೈಡ್ ಹಾಕಿಕೊಂಡರೆ ಮನೆಯಲ್ಲಿದ್ದೂ ಇಲ್ಲದ ಹಾಗೆ, ಮಗು ಕರೆದರೆ ಸಿಟ್ಟು ಬರುತ್ತದೆ. ಆ ಸಿಟ್ಟು ಯಾರಿಗೂ ಬೇಡ. ಒಂಟಿ ವರ್ಕೌಟ್ ಇಟ್ಟುಕೊಳ್ಳಿ, ಗುಂಪಿನದ್ದು ಎಲ್ಲರೂ ಮಲಗಿದ ಮೇಲೆ. ಮೈವೂಶ್ ಅನ್ನುವ ಆ್ಯಪ್ ಉಚಿತ, ಅದರಲ್ಲೂ ಎರ್ಗ್ ವರ್ಕೌಟ್‌ಗಳಿವೆ, ಶುರುವಿಗೆ ಸಾಕು. ತಿಂಗಳ ಚಂದಾ ಕಟ್ಟುವ ಮುಂಚೆ ಅದರಲ್ಲಿ ತುಳಿದು ನೋಡಿ.

ಸದ್ದಿನ ವಿಷಯ. ಕಂಪನಿಯವರು ಡೆಸಿಬೆಲ್ ಲೆಕ್ಕ ಕೊಡುತ್ತಾರೆ, ಅದು ಯಂತ್ರದ್ದು ಮಾತ್ರ. ಯಂತ್ರ ನಿಜಕ್ಕೂ ಮೆಲ್ಲಗೆ ಗುಂಯ್‌ಗುಡುತ್ತದೆ ಅಷ್ಟೇ. ಕೇಳುವುದು ಚೈನಿನ ಸದ್ದು, ಅದಕ್ಕಿಂತ ಜೋರಾಗಿ ಫ್ಯಾನಿನ ಸದ್ದು. ಚೈನ್ ತೊಳೆದು ಎಣ್ಣೆ ಬಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ದೊಡ್ಡ ಗೇರಿನಿಂದ ಚಿಕ್ಕ ಗೇರಿಗೆ ಇಳಿಸಿದರೂ ಫ್ಲೈವೀಲ್ ನಿಧಾನವಾಗಿ ಸುತ್ತಿ ಸದ್ದು ಇಳಿಯುತ್ತದೆ, ಎರ್ಗ್‌ನಲ್ಲಿ ವಾಟ್ ಹಾಗೇ ಇರುತ್ತದೆ. ನಮ್ಮ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ ಮಕ್ಕಳು ಏಳುವುದಿಲ್ಲ. ಆದರೆ ಕೆಳಗಿನ ಮನೆಯವರಿಗೆ ಬೇರೆ ತೊಂದರೆ. ಅವರಿಗೆ ತಲುಪುವುದು ಗಾಳಿಯಲ್ಲಿ ಹೋಗುವ ಸದ್ದಲ್ಲ, ನೆಲದ ಮೂಲಕ ಇಳಿಯುವ ಅದುರು. ತೆಳ್ಳಗಿನ ಯೋಗ ಮ್ಯಾಟ್ ಅದಕ್ಕೆ ಏನೂ ಮಾಡುವುದಿಲ್ಲ. ದಪ್ಪ ರಬ್ಬರ್ ಹಾಸು ಬೇಕು, ಟ್ರೈನರ್ ಕಾಲುಗಳ ಕೆಳಗೆ ಇನ್ನೊಂದು ಪದರ ಇದ್ದರೆ ಇನ್ನೂ ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೊಳ್ಳುವ ಮುಂಚೆಯೇ ಕೆಳಗಿನವರ ಹತ್ತಿರ ಒಂದು ಮಾತು ಹೇಳಿ, ಯಾವ ಹೊತ್ತು ತುಳಿಯುತ್ತೀರಿ ಅಂತಲೂ ಹೇಳಿ.

ಫ್ಯಾನ್ ಬಗ್ಗೆ ಜಾಸ್ತಿ ಹೇಳಬೇಕು, ಏಕೆಂದರೆ ಸುಮಾರು ಜನ ಅದನ್ನು ಹೆಚ್ಚುವರಿ ಸೌಕರ್ಯ ಅಂದುಕೊಳ್ಳುತ್ತಾರೆ. ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ಹೋಗುವುದು ಸುಮಾರು ನಾಲ್ಕರಲ್ಲೋ ಐದರಲ್ಲೋ ಒಂದು ಪಾಲು. ಉಳಿದದ್ದೆಲ್ಲ ಶಾಖ. ಪರದೆ ಮೇಲೆ 150 ವಾಟ್ ಕಂಡರೆ ಮೈಯಿಂದ 450ರಿಂದ 600 ವಾಟ್‌ನಷ್ಟು ಬಿಸಿ ಹೊರಗೆ ಹೋಗಬೇಕು. ರಸ್ತೆಯಲ್ಲಿ ಎದುರು ಗಾಳಿ ಅದನ್ನು ಒಯ್ಯುತ್ತದೆ. ಮುಚ್ಚಿದ ಕೋಣೆಯಲ್ಲಿ ಬೆವರು ಸುಮ್ನೆ ಕೆಳಗೆ ಸುರಿಯುತ್ತದೆ, ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಅದೇ ವಾಟ್‌ಗೆ ಹೃದಯದ ಬಡಿತ ನಿಧಾನವಾಗಿ ಮೇಲೇರುತ್ತಾ ಹೋಗುತ್ತದೆ. ಸುಲಭದ ರೈಡ್ ಅಂತ ಶುರು ಮಾಡಿದ್ದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಷ್ಟದ ರೈಡ್ ಆಗಿರುತ್ತದೆ. ಒಳಗೆ ತುಳಿಯುವುದು ಹಿಂಸೆ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಬೇಸರವಲ್ಲ, ಬಿಸಿ. ಛಾವಣಿಯ ಫ್ಯಾನ್ ಸಾಲದು. ನೆಲದ ಮೇಲೆ ನಿಲ್ಲಿಸುವ ದೊಡ್ಡ ಫ್ಯಾನ್ ಎದೆಗೆ ನೇರವಾಗಿ ಬೀಸುವಂತೆ ಇಡಿ, ಕಿಟಕಿ ತೆಗೆದಿಡಿ. ಟ್ರೈನರ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ದರ್ಜೆ ಕೆಳಗಿನ ಯಂತ್ರ ತೆಗೆದುಕೊಂಡು ಉಳಿದದ್ದರಲ್ಲಿ ಒಳ್ಳೆಯ ಫ್ಯಾನ್ ತರುವುದು ಜಾಣತನ ಅನ್ನುತ್ತೇನೆ.

ಮಕ್ಕಳ ಸುರಕ್ಷತೆ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸೈಕಲ್ ನಿಂತ ಜಾಗದಲ್ಲೇ ನಿಂತಿರುವುದರಿಂದ ಮಕ್ಕಳಿಗೆ ಅದು ಆಟದ ಸಾಮಾನಿನಂತೆ ಕಾಣುತ್ತದೆ. ಕೈಯಲ್ಲಿ ಪೆಡಲ್ ತಿರುಗಿಸಿದರೆ ಚೈನ್ ಓಡುತ್ತದೆ, ಚೈನ್ ಮತ್ತು ಹಲ್ಲುಚಕ್ರದ ನಡುವೆ ಪುಟ್ಟ ಬೆರಳು ಸಿಕ್ಕಿದರೆ ಆಗುವ ಗಾಯ ಸಣ್ಣದಲ್ಲ. ನೀವು ತುಳಿಯುವುದು ನಿಲ್ಲಿಸಿದ ಮೇಲೂ ಫ್ಲೈವೀಲ್ ಸ್ವಲ್ಪ ಹೊತ್ತು ಸುತ್ತುತ್ತಿರುತ್ತದೆ, ಬ್ರೇಕ್ ಭಾಗ ಬಿಸಿಯಾಗಿರುತ್ತದೆ. ಹಾಗಾಗಿ ಕೊಳ್ಳುವಾಗ ಫ್ಲೈವೀಲ್ ಪೂರ್ತಿ ಮುಚ್ಚಿರುವ ಮಾಡೆಲ್ ನೋಡಿ. ನಾವು ಎರಡು ನಿಯಮ ಮಾಡಿದ್ದೇವೆ. ಒಂದು, ಇಳಿದ ಕೂಡಲೇ ಚೈನ್ ತೆಗೆದು ಸೈಕಲ್ ಬದಿಗಿಡುವುದು ಅಥವಾ ಕೋಣೆಗೆ ಬೀಗ. ಎರಡು, ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದ್ದೇವೆ, ಅಮ್ಮ ತುಳಿಯುವಾಗ ಆ ಗೆರೆ ದಾಟಬಾರದು, ಗೆರೆಯ ಆಚೆ ನಿಂತು ಏನು ಬೇಕಾದರೂ ಕೇಳಬಹುದು. ಮಗಳು ಅಲ್ಲೇ ಕುರ್ಚಿ ಹಾಕಿಕೊಂಡು ಮಗ್ಗಿ ಒಪ್ಪಿಸುತ್ತಾಳೆ. ಸುಲಭದ ವೇಗದಲ್ಲಿ ತುಳಿಯುವಾಗ ಮಾತಾಡಲು ಬರಬೇಕು ಅನ್ನುವುದು ತರಬೇತಿಯ ಹಳೆಯ ಅಳತೆ, ಹದಿನೇಳರ ಮಗ್ಗಿ ತಿದ್ದುತ್ತಾ ತುಳಿಯುವುದಕ್ಕಾದರೆ ವೇಗ ಸರಿಯಾಗಿದೆ ಅಂತ ಅರ್ಥ.

ಡಿಸ್ಕ್ ಬ್ರೇಕ್ ಸೈಕಲ್ ಇರುವವರಿಗೆ ಒಂದು ವಿಷಯ, ಇದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಿಂದಿನ ಚಕ್ರ ಬಿಚ್ಚಿದಾಗ ಬ್ರೇಕ್ ಪ್ಯಾಡ್‌ಗಳ ನಡುವೆ ಡಿಸ್ಕ್ ಇರುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಲಿವರ್ ಹಿಡಿದು ಅದುಮಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೈಡ್ರಾಲಿಕ್ ಆದರೆ ತಾವಾಗಿ ವಾಪಸ್ ಸರಿಯುವುದಿಲ್ಲ. ಭಾನುವಾರ ಬೆಳಗ್ಗೆ ಹೊರಗೆ ಹೊರಡಲು ಚಕ್ರ ಹಾಕಲು ಹೋದರೆ ಡಿಸ್ಕ್ ಒಳಗೇ ಹೋಗುವುದಿಲ್ಲ. ಲಿವರ್ ಅದುಮದೆ ಇರುವ ಮಗು ಈ ಭೂಮಿ ಮೇಲೆ ಇಲ್ಲ. ಹೊಸ ಸೈಕಲ್ ಜೊತೆ ಬರುವ ಚಿಕ್ಕ ಪ್ಲಾಸ್ಟಿಕ್ ಸ್ಪೇಸರ್ ಇರುತ್ತದಲ್ಲ, ಎಸೆಯಬೇಡಿ. ಚಕ್ರ ಬಿಚ್ಚಿದ ತಕ್ಷಣ ಅದನ್ನು ಪ್ಯಾಡ್‌ಗಳ ನಡುವೆ ತುರುಕಿ. ಇಲ್ಲದಿದ್ದರೆ ರಟ್ಟನ್ನು ದಪ್ಪಗೆ ಮಡಿಸಿ ಇಟ್ಟರೂ ನಡೆಯುತ್ತದೆ.

ತರಬೇತಿಯ ಲೆಕ್ಕಕ್ಕೆ ಇದು ಎಷ್ಟು ಉಪಯೋಗ? ತುಂಬಾ. ಕಡಿಮೆ ಸಮಯ ಇರುವವರಿಗೆ ಇದರ ದೊಡ್ಡ ಗುಣ ಅಂದರೆ ಹೇಳಿದಷ್ಟೇ ಮಾಡಿಸುತ್ತದೆ. ಎಫ್‌ಟಿಪಿ ಅಂದರೆ ಹೆಚ್ಚುಕಡಿಮೆ ಒಂದು ಗಂಟೆ ತಾಳಿಕೊಳ್ಳಬಹುದಾದ ವಾಟ್. ಅದಕ್ಕೆ ಪೂರ್ತಿ ಗಂಟೆ ತುಳಿಯಬೇಕಿಲ್ಲ, 20 ನಿಮಿಷದ ಪೂರ್ತಿ ಶ್ರಮದ ಸರಾಸರಿಯಲ್ಲಿ ಶೇಕಡಾ 95 ಹಿಡಿದರೆ ಅಂದಾಜು ಸಿಗುತ್ತದೆ. ಸುಲಭದ ರೈಡ್ ಅಂದರೆ ಅದರ ಶೇಕಡಾ 56ರಿಂದ 75. ರಸ್ತೆಯಲ್ಲಿ ಈ ಮಿತಿಯೊಳಗೆ ಇರುವುದು ಕಷ್ಟ, ಏರು ಬಂದರೆ ಮೀರುತ್ತದೆ, ಯಾರೋ ಹಿಂದಿಕ್ಕಿದರೆ ಮೀರುತ್ತದೆ. ಟ್ರೈನರ್ ಮೇಲೆ ಎರ್ಗ್ ಮೋಡ್‌ನಲ್ಲಿ ಮೀರುವುದಕ್ಕೆ ಆಗುವುದೇ ಇಲ್ಲ. ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಮೇಲ್ಮಟ್ಟದ ಎಂಡ್ಯೂರೆನ್ಸ್ (ದೀರ್ಘ ತಾಳಿಕೆಯ) ಆಟಗಾರರ ತರಬೇತಿ ಗಮನಿಸಿ, ಅವರ ಸುಮಾರು ಶೇಕಡಾ 80ರಷ್ಟು ತರಬೇತಿ ಸುಲಭದ್ದೇ ಆಗಿರುತ್ತದೆ ಅಂತ ತೋರಿಸಿಕೊಟ್ಟರು. ನಮ್ಮಂಥವರಿಗೆ ಅವರಷ್ಟು ಗಂಟೆಗಳಿಲ್ಲ, ಅದೇ ಅನುಪಾತ ಹಾಗೇ ಕೂರುವುದಿಲ್ಲ. ಆದರೂ ಸುಲಭದ ದಿನವನ್ನು ಸುಲಭವಾಗಿಯೇ ಬಿಟ್ಟರೆ ಆ ದಿನ ಸಂಜೆ ಮಕ್ಕಳ ಜೊತೆ ಆಡಲು ಮೈಯಲ್ಲಿ ಶಕ್ತಿ ಉಳಿದಿರುತ್ತದೆ. ನನಗೆ ಆ ಅನುಪಾತ ಇಷ್ಟವಾಗಲು ಅದೇ ದೊಡ್ಡ ಕಾರಣ.

ಇನ್ನು ಕೆಟ್ಟ ವಾರಗಳು. ಒಬ್ಬರಿಗೆ ಶೀತ, ಅದು ಇನ್ನೊಬ್ಬರಿಗೆ, ಆಮೇಲೆ ಆಫೀಸಿನಲ್ಲಿ ತಿಂಗಳ ಕೊನೆ. ಪ್ಲಾನ್‌ನ ಅರ್ಧವೂ ಆಗುವುದಿಲ್ಲ. ಅಂಥ ವಾರದಲ್ಲಿ ಎಲ್ಲ ಹಾಳಾಯಿತು ಅಂತ ಕೊರಗುವವರು ರಾಬರ್ಟ್ ಹಿಕ್ಸನ್ ಅವರ 1980ರ ದಶಕದ ಪ್ರಯೋಗಗಳ ಬಗ್ಗೆ ತಿಳಿದಿರಬೇಕು. ಅವರು ಜನರಿಗೆ 10 ವಾರ ದಿನಕ್ಕೆ 40 ನಿಮಿಷದಂತೆ ವಾರಕ್ಕೆ 6 ದಿನ ಕಠಿಣ ತರಬೇತಿ ಕೊಟ್ಟರು. ಆಮೇಲೆ 15 ವಾರ ಕೆಲವರಿಗೆ 26 ನಿಮಿಷಕ್ಕೆ, ಕೆಲವರಿಗೆ 13 ನಿಮಿಷಕ್ಕೆ ಇಳಿಸಿದರು, ತೀವ್ರತೆ ಮಾತ್ರ ಹಾಗೇ ಇಟ್ಟರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಉಳಿಯಿತು. 1985ರ ಪ್ರಯೋಗದಲ್ಲಿ ಸಮಯ ಹಾಗೇ ಇಟ್ಟು ತೀವ್ರತೆ ಇಳಿಸಿದಾಗ ಅದು ಕುಸಿಯಿತು. ಅಂದರೆ ಸಮಯವಿಲ್ಲದ ವಾರ ಉದ್ದದ ರೈಡ್ ಬಿಟ್ಟರೂ ಪರವಾಗಿಲ್ಲ, ಒಂದೆರಡು ಚಿಕ್ಕ ಜೋರಿನ ವರ್ಕೌಟ್ ಉಳಿಸಿಕೊಳ್ಳಿ. ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷ, ನಡುವೆ ನಾಲ್ಕು ನಿಮಿಷದ ಜೋರು ನಾಲ್ಕು ಸಲ, ಆಮೇಲೆ ತಣಿಯಲು ಐದು ನಿಮಿಷ. ಮಗು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಇದು ಮುಗಿಯುತ್ತದೆ. ರಸ್ತೆಗೆ ಹೋಗಿ ಇದನ್ನು ಆ ಹೊತ್ತಿನಲ್ಲಿ ಮಾಡುವುದಕ್ಕೆ ಸಾಧ್ಯವೇ ಇಲ್ಲ. ನೆನಪಿಡಿ, ಇದು ಇದ್ದದ್ದನ್ನು ಉಳಿಸಿಕೊಳ್ಳುವ ದಾರಿ. 90 ಕಿಲೋಮೀಟರಿನ ತಾಳಿಕೆ ಚಿಕ್ಕ ವರ್ಕೌಟ್‌ಗಳಿಂದ ಹುಟ್ಟುವುದಿಲ್ಲ. ನಿಮಗೇ ಜ್ವರವಿದ್ದರೆ ಹತ್ತಲೇಬೇಡಿ.

ಒಂದು ಅಪಾಯವೂ ಇದೆ. ಯಂತ್ರ ಮನೆಯಲ್ಲೇ ಇರುವುದರಿಂದ ಯಾವ ಹೊತ್ತಿಗೂ ತುಳಿಯಬಹುದು, ರಾತ್ರಿ ಹತ್ತೂವರೆಗೂ, ಬೆಳಗಿನ ನಾಲ್ಕಕ್ಕೂ. ಈ ಸಮಯ ಬರುವುದು ಎಲ್ಲಿಂದ? ನಿದ್ದೆಯಿಂದ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ಒಮ್ಮತದಿಂದ ಹೇಳಿವೆ. ತರಬೇತಿಯಿಂದ ದಣಿದ ಸ್ನಾಯು ಚೇತರಿಸಿಕೊಳ್ಳಲೂ ನಿದ್ದೆ ಬೇಕು. ರಾತ್ರಿ ಮಗು ಎರಡು ಸಲ ಎದ್ದಿದ್ದರೆ ಬೆಳಗಿನ ಅಲಾರಂ ಆಫ್ ಮಾಡಿ ಮಲಗುವುದೇ ಆ ದಿನದ ಸರಿಯಾದ ತರಬೇತಿ. ಯಾವ ಆ್ಯಪ್‌ಗೂ ನಿಮ್ಮ ರಾತ್ರಿ ಹೇಗಿತ್ತು ಅಂತ ಪೂರ್ತಿ ಗೊತ್ತಾಗುವುದಿಲ್ಲ, ಅದರ ಕ್ಯಾಲೆಂಡರಿನಲ್ಲಿ ತಪ್ಪಿದ ದಿನಕ್ಕೆ ಕೆಂಪು ಬಂದರೆ ಬರಲಿ.

ಈಗ ಮುಖ್ಯವಾದ ಮಾತು. ಮನೆಯೊಳಗೆ ಇರುವುದು ಬೇರೆ, ಮನೆಯವರ ಜೊತೆ ಇರುವುದು ಬೇರೆ. ಟ್ರೈನರ್ ಮೊದಲನೆಯದನ್ನು ಮಾತ್ರ ಕೊಡುತ್ತದೆ. ಶುರುವಿನ ವಾರಗಳಲ್ಲಿ ನಮ್ಮವರು ಒಂದು ಮಾತು ಹೇಳಿದರು. 'ನೀನು ಹೊರಗೆ ಹೋದಾಗ ಮನೇಲಿ ನಾನೊಬ್ಬನೇ ಅಂತ ಗೊತ್ತಿರ್ತಿತ್ತು. ಈಗ ನೀನು ಇದ್ದೀಯೋ ಇಲ್ವೋ ಅಂತಾನೇ ಗೊತ್ತಾಗಲ್ಲ.' ಹೌದು. ನಾನು ಮನೆಯಲ್ಲಿದ್ದೇನೆ ಅಂತ ಮಕ್ಕಳು ನನ್ನ ಹತ್ತಿರ ಬರುತ್ತಾರೆ, ನಾನು ಅಪ್ಪನನ್ನು ಕೇಳು ಅನ್ನುತ್ತೇನೆ, ಅವರು ಅಮ್ಮ ಇಲ್ಲೇ ಇದ್ದಾಳಲ್ಲ ಅನ್ನುತ್ತಾರೆ. ಹೀಗಾಗಿ ಇಬ್ಬರೂ ಕೂತು ಮಾತಾಡಿ ಹೊತ್ತುಗಳನ್ನು ಎರಡು ಬಗೆ ಮಾಡಿದೆವು. ಕರೆಯಬಹುದಾದ ಹೊತ್ತು, ಕರೆಯಬಾರದ ಹೊತ್ತು. ಕರೆಯಬಹುದಾದ ಹೊತ್ತಿನಲ್ಲಿ ಬಾಗಿಲು ತೆಗೆದಿರುತ್ತದೆ, ಕಿವಿಗೆ ಏನೂ ಹಾಕುವುದಿಲ್ಲ, ವರ್ಕೌಟ್ ಸುಲಭದ್ದು, ಯಾರು ಬಂದರೂ ನಿಲ್ಲಿಸುತ್ತೇನೆ. ಕರೆಯಬಾರದ ಹೊತ್ತಿನಲ್ಲಿ ಬಾಗಿಲು ಮುಚ್ಚಿರುತ್ತದೆ, ಮಕ್ಕಳು ಪೂರ್ತಿ ಅವರ ಜವಾಬ್ದಾರಿ, ನಾನು ಊರಲ್ಲೇ ಇಲ್ಲ ಅಂದುಕೊಳ್ಳುವುದು. ಅದಕ್ಕೆ ಬದಲಾಗಿ ಅಷ್ಟೇ ಹೊತ್ತು ಅವರಿಗೆ, ಅವರು ಏನು ಬೇಕಾದರೂ ಮಾಡಲಿ, ನಾನು ಕೇಳುವುದಿಲ್ಲ. ಟ್ರೈನರ್ ಕೊಳ್ಳುವ ಮುಂಚೆ ಈ ಒಪ್ಪಂದ ಮಾಡಿಕೊಳ್ಳಿ. ಬಾಕ್ಸ್ ಮನೆಗೆ ಬಂದ ಮೇಲೆ ಮಾತಾಡುವುದು ಕಷ್ಟ.

ಬ್ರಿಕ್ ವರ್ಕೌಟ್‌ಗೆ, ಅಂದರೆ ಸೈಕಲ್ ಇಳಿದ ಕೂಡಲೇ ಓಡುವುದಕ್ಕೆ, ಇದು ಬಹಳ ಅನುಕೂಲ. ಶೂ ಬಾಗಿಲ ಬಳಿಯೇ ಇಟ್ಟಿರುತ್ತೇನೆ, ಇಳಿದು ಒಂದೆರಡು ನಿಮಿಷದಲ್ಲಿ ಹೊರಗೆ. ಕಾಲು ಮರಗಟ್ಟಿದಂತೆ ಇರುವ ಆ ಮೊದಲ ಕಿಲೋಮೀಟರ್ ಅಭ್ಯಾಸವಾಗಲು ಉದ್ದದ ಓಟ ಬೇಕಿಲ್ಲ, ಹದಿನೈದು ನಿಮಿಷ ಸಾಕು.

ಆದರೆ ಪೂರ್ತಿ ಸೀಸನ್ ಒಳಗೇ ತುಳಿದು ರೇಸಿಗೆ ಹೋಗಬೇಡಿ. ಗಾಳಿಯಲ್ಲಿ ಸೈಕಲ್ ಹಿಡಿದುಕೊಳ್ಳುವುದು, ಇಳಿಜಾರಿನ ತಿರುವು, ಓಡುವ ಸೈಕಲ್ ಮೇಲೆ ಒಂದು ಕೈಯಲ್ಲಿ ಬಾಟಲಿ ತೆಗೆದು ಕುಡಿದು ವಾಪಸ್ ಇಡುವುದು, ಕೆಟ್ಟ ರಸ್ತೆಯ ಕುಲುಕಾಟ, ಇವುಗಳನ್ನು ಯಂತ್ರ ಕಲಿಸುವುದಿಲ್ಲ. ಸೈಕಲ್ ಬಿಗಿಯಾಗಿ ನಿಂತಿರುವುದರಿಂದ ಸೀಟಿನ ಮೇಲೆ ಭಾರ ಒಂದೇ ಕಡೆ ಬೀಳುತ್ತದೆ, ಎರಡು ಗಂಟೆ ದಾಟಿದರೆ ನೋವು ಶುರು, ಆಗಾಗ ಎದ್ದು ನಿಂತು ತುಳಿಯಬೇಕು. ವಾರದ ನಡುವಿನದ್ದೆಲ್ಲ ಒಳಗೆ, ಉದ್ದದ್ದು ಹೊರಗೆ, ಅದೂ ಪ್ರತಿ ವಾರ ಅಲ್ಲ, ಒಂದು ವಾರ ಬಿಟ್ಟು ಒಂದು ವಾರ. ನಮಗೆ ಸರಿಹೋದದ್ದು ಹೀಗೆ. ರೇಸಿಗೆ ಎರಡು ತಿಂಗಳು ಇರುವಾಗ ಹೊರಗಿನದ್ದು ಸ್ವಲ್ಪ ಜಾಸ್ತಿ, ಆ ಎರಡು ತಿಂಗಳು ಮನೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹೊರಗಿನ ದಿನ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಫ್ರಿಜ್ ಮೇಲೆ ಬರೆದಿಟ್ಟು ಹೋಗುತ್ತೇನೆ, ಆ ಹೊತ್ತು ದಾಟುವುದಿಲ್ಲ. 90 ಕಿಲೋಮೀಟರ್ ಆಗಲು ಇನ್ನು ಏಳು ಬಾಕಿ ಇದ್ದರೂ ದಾಟುವುದಿಲ್ಲ.

ದೂರುಗಳು. ನನ್ನ ಯಂತ್ರ ಕೆಲವು ತಿಂಗಳ ನಂತರ ಒಳಗೆ ಟಕ್ ಟಕ್ ಅನ್ನತೊಡಗಿತು, ಒಳಗಿನ ಬೆಲ್ಟ್ ಸಡಿಲವಾಗಿತ್ತು. ಕಂಪನಿಗೆ ಬರೆದರೆ ವಿಡಿಯೋ ಕಳಿಸಿ ಅಂದರು, ಕಳಿಸಿದೆ, ಇನ್ನೊಂದು ಕೋನದಿಂದ ಕಳಿಸಿ ಅಂದರು, ಕಳಿಸಿದೆ, ಆಮೇಲೆ ವಾರಗಟ್ಟಲೆ ಉತ್ತರವಿಲ್ಲ. ಕೊನೆಗೆ ಬದಲಿ ಭಾಗ ಬಂತು, ಅಷ್ಟರಲ್ಲಿ ತರಬೇತಿಯ ಒಳ್ಳೆಯ ವಾರಗಳು ಹೋಗಿದ್ದವು. ಹದಿನೈದು ಇಪ್ಪತ್ತು ಕಿಲೋ ತೂಗುವ ಯಂತ್ರವನ್ನು ಪ್ಯಾಕ್ ಮಾಡಿ ಕಳಿಸುವುದು ಮಕ್ಕಳನ್ನು ಕಟ್ಟಿಕೊಂಡು ಆಗುವ ಕೆಲಸವಲ್ಲ. ಆದ್ದರಿಂದ ವಾರಂಟಿ ಎಷ್ಟು ವರ್ಷ ಅನ್ನುವುದಕ್ಕಿಂತ ರಿಪೇರಿ ಎಲ್ಲಿ ಮಾಡುತ್ತಾರೆ, ಬಿಡಿಭಾಗ ಮನೆಗೆ ಕಳಿಸುತ್ತಾರಾ ಅಂತ ಕೇಳಿ. ಇನ್ನೊಂದು, ಬ್ಲೂಟೂತ್‌ನಲ್ಲಿ ಇದು ಒಂದು ಸಲಕ್ಕೆ ಒಂದೇ ಸಾಧನಕ್ಕೆ ಸೇರಿಕೊಳ್ಳುತ್ತದೆ. ನನ್ನ ಫೋನು ಮೊದಲೇ ಹಿಡಿದುಕೊಂಡಿದ್ದರೆ ಟ್ಯಾಬ್‌ಗೆ ಯಂತ್ರ ಕಾಣುವುದೇ ಇಲ್ಲ. ಇರುವುದೇ ನಲವತ್ತು ನಿಮಿಷ ಅಂದಾಗ ಹತ್ತು ನಿಮಿಷ ಇದರಲ್ಲೇ ಹೋದರೆ ಬೇಜಾರಾಗುತ್ತದೆ. ಬಳಸದ ಸಾಧನದಲ್ಲಿ ಆ್ಯಪ್ ಪೂರ್ತಿ ಮುಚ್ಚಿಡುವುದೇ ದಾರಿ. ಕರೆಂಟ್ ಹೋದರೆ ಬಿಗಿಯೂ ಹೋಗುತ್ತದೆ, ನನ್ನ ಮಾಡೆಲ್‌ನಲ್ಲಿ ಪೆಡಲ್ ಸುಮ್ನೆ ಸುತ್ತುತ್ತದೆ.

ಬೆವರಿನ ಉಪ್ಪು ಸೈಕಲ್‌ಗೆ ಶತ್ರು. ಹ್ಯಾಂಡಲ್ ಮತ್ತು ಮೇಲಿನ ಟ್ಯೂಬಿಗೆ ಟವೆಲ್ ಹೊದಿಸಿ, ಇಳಿದ ಮೇಲೆ ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಬೋಲ್ಟ್‌ಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹ್ಯಾಂಡಲ್ ಟೇಪ್ ಕೆಳಗೆ ಅಲ್ಯೂಮಿನಿಯಂ ತಿಂದುಹೋಗಿರುವುದು ಹೊರಗೆ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಟೇಪ್ ಬಿಚ್ಚಿ ನೋಡಿ.

ಕೊಳ್ಳುವಾಗ ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಯಾವುದು ಅಂತ ಮೊದಲು ನೋಡಿ. ಲಿವರ್ ಮಗುಚಿ ಬಿಚ್ಚುವ ಕ್ವಿಕ್ ರಿಲೀಸ್ ಆದರೆ ಅಗಲ 130 ಅಥವಾ 135 ಮಿಲಿಮೀಟರ್, ದಪ್ಪ ಅಚ್ಚು ತೂರಿಸುವ ಥ್ರೂ ಆಕ್ಸಲ್ ಆದರೆ ರೋಡ್ ಸೈಕಲ್‌ಗೆ ಸಾಮಾನ್ಯವಾಗಿ 12x142 ಮಿಲಿಮೀಟರ್. ಅದಕ್ಕೆ ಸರಿಯಾದ ಅಡಾಪ್ಟರ್ ಬಾಕ್ಸಿನಲ್ಲೇ ಇದೆಯಾ, ಕ್ಯಾಸೆಟ್ ಜೊತೆಗೆ ಬರುತ್ತದಾ, ಅದು ನಿಮ್ಮ ಗೇರಿನ ಸ್ಪೀಡ್‌ಗೆ ಹೊಂದುತ್ತದಾ ಅಂತ ಕೇಳಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಸುಮಾರು ಜನ ಕೊಂಡು ಬಟ್ಟೆ ಒಣಹಾಕಲು ಬಳಸಿ ಮಾರುತ್ತಾರೆ. ಹೋಗುವಾಗ ನಿಮ್ಮ ಸೈಕಲ್ ಒಯ್ಯಿರಿ, ಹತ್ತು ನಿಮಿಷ ಜೋರಾಗಿ ತುಳಿಯಿರಿ, ನಿಲ್ಲಿಸಿ ಫ್ಲೈವೀಲ್ ತಾನಾಗಿ ನಿಲ್ಲುವವರೆಗೆ ಸದ್ದು ಕೇಳಿ. ಕಿರ್ ಅಂದರೆ ಬೇರಿಂಗ್ ಹೋಗಿದೆ, ಬಿಟ್ಟುಬಿಡಿ. ಮೂಲ ಪವರ್ ಅಡಾಪ್ಟರ್ ಇದೆಯಾ ನೋಡಿ.

ಯಾರು ಕೊಳ್ಳಬಾರದು ಅಂದರೆ, ಓಟದ ರೇಸ್ ಮಾತ್ರ ಇರುವವರು, ಇದನ್ನು ಶಾಶ್ವತವಾಗಿ ಇಡಲು ಒಂದು ಮೂಲೆಯೂ ಇಲ್ಲದವರು. ಪ್ರತಿ ಸಲ ಮಂಚದ ಕೆಳಗಿಂದ ಎಳೆದು ಜೋಡಿಸಿ ಬಿಚ್ಚಿಡಬೇಕಾದರೆ ತಿಂಗಳೊಳಗೆ ನಿಂತುಹೋಗುತ್ತದೆ. ಮನೆಯ ಹತ್ತಿರವೇ ಖಾಲಿ ರಸ್ತೆ ಇದ್ದು, ಬೆಳಗ್ಗೆ ಮಕ್ಕಳನ್ನು ನೋಡಿಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ನಿಮಗೂ ಇದರ ಅವಸರವಿಲ್ಲ. ಉಳಿದವರು ಮೊದಲು ಮೂಲೆ ಅಳೆಯಿರಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಎದುರಿಗೆ ಫ್ಯಾನ್, ಪಕ್ಕದಲ್ಲಿ ಪ್ಲಗ್. ಇಷ್ಟಿದ್ದರೆ ಮನೆಯವರನ್ನು ಕೂರಿಸಿಕೊಂಡು ಹೊತ್ತುಗಳ ಮಾತು ಮುಗಿಸಿ, ಆಮೇಲೆ ಆರ್ಡರ್ ಮಾಡಿ.